ಬೆಟ್ಟ ಹತ್ತಿದ ಗೊಮ್ಮಟರು

ಶ್ರವಣಬೆಳಗೊಳದ ಗೊಮ್ಮಟ ಎಲ್ಲಿಂದಲೋ ಬಂದವನಲ್ಲ. ಕ್ರಿ.ಶ. 981ರ ಸುಮಾರಿಗೆ ಗಂಗರ ದಂಡನಾಯಕ ಚಾವುಂಡರಾಯ ಮಾಡಿಸಿದ 58 ಅಡಿಯ ಆ ಮೂರ್ತಿ ವಿಂಧ್ಯಗಿರಿಯ ನೆತ್ತಿಯ ಬಂಡೆಯೇ. ಶಿಲ್ಪಿಗಳು ಬಂಡೆಯನ್ನು ಮೇಲಿನಿಂದ ಕಡಿಯುತ್ತ ಕೆಳಗಿಳಿದರು. ಬೇಡದ ಕಲ್ಲು ಹೋಯಿತು, ಗೊಮ್ಮಟ ಉಳಿದ. ಅವನನ್ನು ಯಾರೂ ಹೊರಲಿಲ್ಲ, ಎಳೆಯಲಿಲ್ಲ, ಎತ್ತಿ ನಿಲ್ಲಿಸಲಿಲ್ಲ.

ಘಟ್ಟ ಇಳಿದರೆ ಕತೆ ಬೇರೆ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ಬೆಟ್ಟದ ಮೇಲೆ ನಿಲ್ಲಿಸಲಾಯಿತು. ವೇಣೂರಿನ ಗೊಮ್ಮಟ 1604ರಲ್ಲಿ ಫಲ್ಗುಣಿ ನದಿಯ ದಂಡೆಯಲ್ಲಿ ನಿಂತ. ಧರ್ಮಸ್ಥಳದ ಗೊಮ್ಮಟ ಕಾರ್ಕಳದಲ್ಲಿ ರೂಪುಗೊಂಡು 1973ರಲ್ಲಿ ಊರು ಬಿಟ್ಟು ಹೊರಟ. ಒಂದು ಕಡೆ ಕಡೆದು ಇನ್ನೊಂದು ಕಡೆ ನಿಲ್ಲಿಸಿದ ಮೂರ್ತಿಗಳೆಂದೇ ಈ ಮೂರೂ ಪ್ರಸಿದ್ಧ. ಮೂರೂ ಏಕಶಿಲೆಯವು. ತುಂಡು ಮಾಡಿ ಸಾಗಿಸಿ ಮತ್ತೆ ಜೋಡಿಸುವ ಮಾತೇ ಇರಲಿಲ್ಲ. ಭಗ್ನವಾದ ವಿಗ್ರಹ ಪೂಜೆಗೆ ಸಲ್ಲದು ಎಂಬುದು ನಮ್ಮ ಶಿಲ್ಪ ಸಂಪ್ರದಾಯದ ಹಳೆಯ ಕಟ್ಟಳೆ. ದಾರಿಯಲ್ಲಿ ಒಂದು ಬಿರುಕು ಬಿಟ್ಟರೆ ವರ್ಷಗಟ್ಟಲೆ ಬಿದ್ದ ಉಳಿಪೆಟ್ಟು ಅಲ್ಲಿಗೇ ವ್ಯರ್ಥ.

ಕ್ರೇನು, ಲಾರಿ, ಉಕ್ಕಿನ ಹಗ್ಗ ಯಾವುದೂ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು? ಮಾಡಿದವರು ಯಾರು? ಮೊದಲ ಪ್ರಶ್ನೆಗೆ ಕಾವ್ಯವೂ ಲೆಕ್ಕವೂ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ಶಾಸನ ಬಿಟ್ಟು ತುಳುವರ ಪಾಡ್ದನಕ್ಕೇ ಕಿವಿಗೊಡಬೇಕು.

ತೂಕದ ಲೆಕ್ಕ

ಕಾರ್ಕಳದ ಮೂರ್ತಿಯ ಎತ್ತರ ಸುಮಾರು 42 ಅಡಿ. ತೂಕ ಸುಮಾರು 80 ಟನ್ ಎಂಬ ಅಂದಾಜು ಬ್ರಿಟಿಷರ ಕಾಲದಿಂದಲೂ ಬಳಕೆಯಲ್ಲಿದೆ. ಇಂಥ ಮೂರ್ತಿಯನ್ನು ತಕ್ಕಡಿಗೆ ಹಾಕಲಾಗದು ನಿಜ. ಆದರೆ ಅಂದಾಜು ಸರಿಯೇ ಎಂದು ಯಾರಾದರೂ ಲೆಕ್ಕ ಹಾಕಿ ನೋಡಬಹುದು.

ಆರಡಿ ಎತ್ತರದ, 70 ಕಿಲೋ ತೂಕದ ಮನುಷ್ಯನನ್ನು ಏಳು ಪಟ್ಟು ಹಿಗ್ಗಿಸಿದರೆ 42 ಅಡಿಯಾಗುತ್ತಾನೆ. ಎತ್ತರ ಏಳು ಪಟ್ಟಾದಾಗ ಅಗಲವೂ ದಪ್ಪವೂ ಏಳು ಪಟ್ಟಾಗುತ್ತವೆ. ಹಾಗಾಗಿ ಗಾತ್ರ ಏಳರ ಘನದಷ್ಟು, ಅಂದರೆ 343 ಪಟ್ಟು ಬೆಳೆಯುತ್ತದೆ. 70 ಕಿಲೋವನ್ನು 343ರಿಂದ ಗುಣಿಸಿದರೆ 24 ಟನ್. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಭಾರ; ಗ್ರಾನೈಟ್ ಅದರ 2.7 ಪಟ್ಟು. ಅಲ್ಲಿಗೆ 65 ಟನ್. ಕಾಲ ಬಳಿಯ ಹುತ್ತ, ಬಳ್ಳಿ, ಹಿಂಬದಿಗೆ ಆಸರೆಯಾಗಿ ಬಿಟ್ಟ ಕಲ್ಲು ಸೇರಿಸಿದರೆ 80 ಟನ್ನಿನ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಮೂರ್ತಿಯ ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಕಾರ್ಕಳಕ್ಕಿಂತ 16 ಅಡಿ ಮಾತ್ರ ಎತ್ತರವಿರುವ ಬೆಳಗೊಳದ ಗೊಮ್ಮಟ ತೂಕದಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಅದನ್ನು ಅಲ್ಲೇ ಕಡೆದದ್ದು ಜಾಣತನ. ಕರಾವಳಿಯ ಅರಸರು 35-42 ಅಡಿಯ ಆಸುಪಾಸಿನಲ್ಲೇ ನಿಂತದ್ದಕ್ಕೂ ಸಾಗಾಟದ ಈ ಕಷ್ಟ ಒಂದು ಕಾರಣವಾಗಿದ್ದೀತು.

ಇಪ್ಪತ್ತು ಗಾಲಿಯ ಬಂಡಿ

ಕಾರ್ಕಳದ ಮೂರ್ತಿಯನ್ನು ಮಾಡಿಸಿದವನು ಭೈರರಸ ವಂಶದ ವೀರಪಾಂಡ್ಯ. ಗುರು ಲಲಿತಕೀರ್ತಿಯ ಪ್ರೇರಣೆಯಿಂದ 1432ರ ಫೆಬ್ರುವರಿ 13ರಂದು ಪ್ರತಿಷ್ಠೆ ನಡೆಯಿತು. ಶಾಸನದಿಂದ ತಿಳಿಯುವುದು ಇಂಥ ವಿವರಗಳೇ: ಅರಸ, ಗುರು, ತಿಥಿ.

ಸಾಗಿಸಿದ ಬಗೆಯನ್ನು ಹೇಳುವುದು ಎರಡು ಶತಮಾನಗಳ ನಂತರದ ಒಂದು ಕಾವ್ಯ. 17ನೆಯ ಶತಮಾನದ ಚಂದ್ರಮ ಕವಿ ತನ್ನ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯಲ್ಲಿ ಕಲ್ಲು ಹುಡುಕಿದ್ದರಿಂದ ಹಿಡಿದು ಅಭಿಷೇಕದವರೆಗೆ ಎಲ್ಲವನ್ನೂ ಸಾಂಗತ್ಯದಲ್ಲಿ ವರ್ಣಿಸಿದ್ದಾನೆ. ಅವನ ಪ್ರಕಾರ ಒರಟಾಗಿ ಕಡೆದ ಮೂರ್ತಿಯನ್ನು ಇಪ್ಪತ್ತು ಗಾಲಿಗಳ ಬಂಡಿಗೆ ಏರಿಸಿ ಜನರಿಂದ ಎಳೆಸಲಾಯಿತು. ಬೆಟ್ಟ ಹತ್ತಲು ಒಂದು ತಿಂಗಳೇ ಹಿಡಿಯಿತು. ಮೇಲೆ ತಾತ್ಕಾಲಿಕ ಚಪ್ಪರ ಹಾಕಿ, ಉಳಿದ ಸೂಕ್ಷ್ಮ ಕೆಲಸವನ್ನು ಅಲ್ಲಿ ಮುಗಿಸಲಾಯಿತು.

ಜನರ ಬಾಯಲ್ಲಿ ಕತೆ ಇನ್ನಷ್ಟು ಬೆಳೆದಿತ್ತು. 19ನೆಯ ಶತಮಾನದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ ಎಂಬ ಆಂಗ್ಲರು ಸ್ಥಳೀಯರಿಂದ ಕೇಳಿ ಬರೆದುಕೊಂಡಿದ್ದಾರೆ. ಆ ಹೇಳಿಕೆಯಲ್ಲಿ ಇರುವುದು ಒಂದು ಬಂಡಿಯಲ್ಲ, ಸಾಲಾಗಿ ಕಟ್ಟಿದ ಇಪ್ಪತ್ತು ಕಬ್ಬಿಣದ ಬಂಡಿಗಳು. ಅವುಗಳ ಮುಂದೆ ಹತ್ತು ಹತ್ತು ಸಾವಿರ ತೆಂಗಿನಕಾಯಿ ಒಡೆದರು. ಮೂರ್ತಿಗೆ ಪೆಟ್ಟಾಗದಂತೆ ರಾಶಿ ರಾಶಿ ಹತ್ತಿ ಹಾಸಿದರು. ಬೆಟ್ಟದ ಬದಿಗೆ ಇಳಿಜಾರು ದಾರಿ ಮಾಡಿ ಭಕ್ತರ ದಂಡು ಎಳೆದುಕೊಂಡು ಹೋಯಿತು.

ಕಾಯಿಗಳ ಸಂಖ್ಯೆಯನ್ನು ಬದಿಗಿಡೋಣ. ಇಳಿಜಾರು ದಾರಿ, ಹತ್ತಿಯ ಹಾಸು, ಭಾರ ಹಂಚಿಕೊಳ್ಳುವ ಹಲವು ಗಾಲಿ - ಈ ಮೂರೂ ಕೆಲಸ ಬಲ್ಲವರ ಮಾತು. ಎಲ್ಲ ಭಾರವೂ ನಾಲ್ಕೇ ಗಾಲಿಗಳ ಮೇಲೆ ಬಿದ್ದರೆ ಒಂದೊಂದಕ್ಕೆ 20 ಟನ್. ಮಣ್ಣಿನ ದಾರಿಯಲ್ಲಿ ಅದು ಹೂತೇ ಹೋಗುತ್ತದೆ. ಇಪ್ಪತ್ತಕ್ಕೆ ಹಂಚಿದರೆ ಒಂದೊಂದಕ್ಕೆ 4 ಟನ್.

ಎಳೆಯಲು ಎಷ್ಟು ಜನ ಬೇಕಾಗಿದ್ದೀತು? ಹತ್ತು ಅಡಿ ನಡೆದರೆ ಒಂದು ಅಡಿ ಏರುವ ಇಳಿಜಾರು ಎಂದಿಟ್ಟುಕೊಳ್ಳೋಣ. ಏರಿಗಾಗಿಯೇ ತೂಕದ ಹತ್ತನೆಯ ಒಂದು ಪಾಲು, ಅಂದರೆ 8 ಟನ್ ಸೆಳೆತ ಬೇಕು. ಮರದ ಅಚ್ಚು, ಒರಟು ನೆಲದ ತಿಕ್ಕಾಟಕ್ಕೆ ಇನ್ನೂ ಅಷ್ಟೇ ಎಂದರೂ ಒಟ್ಟು 16 ಟನ್. ಹಗ್ಗ ಹಿಡಿದ ಒಬ್ಬ ಆಳು ಒಂದೇ ಸಮನೆ 25 ಕಿಲೋದಷ್ಟು ಬಲ ಹಾಕಬಲ್ಲ ಎಂದುಕೊಂಡರೆ ಬೇಕಾಗುವುದು ಸುಮಾರು 640 ಜನ. ಬಂಡಿಯ ತೂಕ ಇದಕ್ಕೆ ಹೊರಗೆ. ಸಾವಿರ ಆಳುಗಳಿದ್ದರೆ ಆಗುವ ಕೆಲಸ. ಒಂದು ಸಣ್ಣ ಸಂಸ್ಥಾನದ ಅಳವಿಗೆ ಮೀರಿದ್ದೇನಲ್ಲ.

ಆದರೆ ಬಲಕ್ಕಿಂತ ಮುಖ್ಯವಾದದ್ದು ಶಿಸ್ತು. ರಥೋತ್ಸವ ನೋಡಿದವರಿಗೆ ಇದು ಗೊತ್ತು. ಸಾವಿರ ಜನ ಹಗ್ಗ ಹಿಡಿದರೂ ರಥ ನೆಟ್ಟಗೆ ಹೋಗುವುದು ಗಾಲಿಯ ಬಳಿ ಮರದ ತುಂಡು ಹಿಡಿದು ನಿಲ್ಲುವ ನಾಲ್ಕಾರು ಮಂದಿಯಿಂದ. ಯಾವಾಗ ಒಡ್ಡಬೇಕು, ಯಾವಾಗ ತೆಗೆಯಬೇಕು ಎಂಬುದು ಅವರಿಗೆ ಮಾತ್ರ ತಿಳಿದಿರುತ್ತದೆ. ಏರಿನ ನಡುವೆ ಹಗ್ಗ ಸಡಿಲಾದರೆ ಬಂಡಿ ಹಿಂದಕ್ಕೆ ಉರುಳುತ್ತದೆ, ಹಿಂದೆ ನಿಂತವರ ಮೇಲೆ. ಒಂದು ತಿಂಗಳು ಹಿಡಿಯಿತು ಎಂಬ ಕವಿಯ ಮಾತಿನ ಹಿಂದೆ ಇಂಥ ಎಚ್ಚರವೂ ಇದ್ದಿರಬೇಕು.

ಬಳಪದ ಪಾಠ

ಮೇಲೆ ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಲಗಿರುವ ಕಲ್ಲನ್ನು ನಿಲ್ಲಿಸಬೇಕು. ಅಪಾಯ ಹೆಚ್ಚಿರುವುದು ಇಲ್ಲಿಯೇ.

ಶಾಲೆಯ ಬಳಪವನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದು ಮೇಲಿನಿಂದ ಒತ್ತಿದರೆ ಅದು ಸುಲಭಕ್ಕೆ ಮುರಿಯದು. ಎರಡೂ ತುದಿ ಹಿಡಿದು ಬಗ್ಗಿಸಿದರೆ ಮಗುವಿನ ಕೈಯಲ್ಲೂ ಟಕ್ಕೆಂದು ಮುರಿಯುತ್ತದೆ. ಗ್ರಾನೈಟ್ ಕಲ್ಲಿನ ಗುಣವೂ ಅದೇ. ಒತ್ತಡವನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಬಾಗುವಿಕೆಯನ್ನು ತಡೆಯದು. ನಿಂತ ಗೊಮ್ಮಟನಿಗೆ ಶತಮಾನಗಳ ಮಳೆಗಾಳಿ ಏನೂ ಮಾಡಲಿಲ್ಲ. ಮಲಗಿದ ಗೊಮ್ಮಟನನ್ನು ತಲೆಯ ಕಡೆಯಿಂದ ಎತ್ತುವಾಗ ಮಾತ್ರ ಮೈಯ ಭಾರ ಬಗ್ಗಿಸುವ ಬಲವಾಗಿ ಬೀಳುತ್ತದೆ. ಮನುಷ್ಯಾಕೃತಿಯಲ್ಲಿ ಕಣಕಾಲು ತೆಳುವಾದ ಜಾಗ.

ಶಿಲ್ಪಿಗಳು ಇದನ್ನು ಬಲ್ಲವರಾಗಿದ್ದರು. ಗೊಮ್ಮಟನ ಕಾಲುಗಳ ಬಳಿ ಹುತ್ತ, ಹಾವು, ಮಾಧವೀಲತೆ ಇರುವುದು ಬಾಹುಬಲಿಯ ತಪಸ್ಸಿನ ಕತೆಗಾಗಿ. ವರ್ಷವಿಡೀ ಅಲ್ಲಾಡದೆ ನಿಂತವನ ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಅದೇ ಹುತ್ತ ಮತ್ತು ಹಿಂಬದಿಯ ಕಲ್ಲು ದುರ್ಬಲವಾದ ಕಣಕಾಲಿಗೆ ಆಸರೆಯೂ ಹೌದು. ಕತೆಯೂ ಕಟ್ಟಡ ವಿದ್ಯೆಯೂ ಇಷ್ಟು ಚೆನ್ನಾಗಿ ಕೂಡಿಬಂದ ನಿದರ್ಶನ ಅಪರೂಪ. ನಯಗೆಲಸವನ್ನು ನಿಲ್ಲಿಸಿದ ಮೇಲೆ ಮಾಡಿದರು ಎಂಬ ಕಾವ್ಯದ ಮಾತಿಗೂ ಅರ್ಥವಿದೆ. ಹಗ್ಗ ಉಜ್ಜುವಾಗ, ಸನ್ನೆಕೋಲು ತಾಗುವಾಗ ಮೂಗು, ಬೆರಳು, ಕಿವಿ ಒರಟು ಕಲ್ಲಿನೊಳಗೇ ಸುರಕ್ಷಿತವಾಗಿರುತ್ತವೆ.

ಕಲ್ಲಿನ ಕಂಬ, ಧ್ವಜಸ್ತಂಭಗಳನ್ನು ನಿಲ್ಲಿಸುವ ಹಳೆಯ ಕ್ರಮ ಹೀಗೆ: ಬುಡವನ್ನು ಗುಳಿಯ ಅಂಚಿಗೆ ತಂದು, ತಲೆಯ ಕಡೆಯನ್ನು ಸನ್ನೆಕೋಲಿನಿಂದ ಗೇಣು ಗೇಣಾಗಿ ಎತ್ತುವುದು, ಎತ್ತಿದಷ್ಟಕ್ಕೂ ಅಡಿಗೆ ಮಣ್ಣು, ಮರ, ಕಲ್ಲು ತುಂಬುವುದು, ಅರ್ಧಕ್ಕಿಂತ ಹೆಚ್ಚು ಎದ್ದ ಮೇಲೆ ಮುಂದಿನಿಂದ ಹಗ್ಗದಲ್ಲಿ ಎಳೆಯುತ್ತ, ಹಿಂದಿನಿಂದ ಇನ್ನೊಂದು ಹಗ್ಗದಲ್ಲಿ ಬಿಗಿ ಹಿಡಿಯುವುದು. ಕಾರ್ಕಳದ ಸಮೀಪದ ಹಿರಿಯಂಗಡಿಯಲ್ಲಿ 50 ಅಡಿಗೂ ಎತ್ತರದ ಏಕಶಿಲೆಯ ಮಾನಸ್ತಂಭ ಇಂದಿಗೂ ನಿಂತಿದೆ. ಆ ಸೀಮೆಯ ಕಲ್ಲುಕುಟಿಗರಿಗೆ ಉದ್ದನೆಯ ಕಲ್ಲನ್ನು ಎತ್ತಿ ನಿಲ್ಲಿಸುವ ವಿದ್ಯೆ ಕರಗತವಾಗಿತ್ತು ಎನ್ನಲು ಅದಕ್ಕಿಂತ ಸಾಕ್ಷಿ ಬೇಡ.

ಕಲ್ಕುಡನ ಕೈಕಾಲು

ಆ ಕಲ್ಲುಕುಟಿಗರ ನೆನಪನ್ನು ಉಳಿಸಿಕೊಂಡಿರುವುದು ತುಳುವರ ಪಾಡ್ದನಗಳು. ಭೂತಾರಾಧನೆಯಲ್ಲಿ ಇಂದಿಗೂ ಹಾಡುವ ಕಲ್ಕುಡ-ಕಲ್ಲುರ್ಟಿ ಪಾಡ್ದನದ ನಾಯಕ ಒಬ್ಬ ಶಿಲ್ಪಿ. 19ನೆಯ ಶತಮಾನದಲ್ಲಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳಲ್ಲಿ ಇದೂ ಸೇರಿದೆ. ಊರಿಂದೂರಿಗೆ ಪಾಠ ಬದಲಾದರೂ ಕತೆಯ ಎಳೆ ಒಂದೇ.

ತಂದೆ ಶಂಭು ಕಲ್ಕುಡ ಬೆಳಗೊಳದ ಕೆಲಸಕ್ಕೆ ಹೋದವನು. ಮಗ ಬೀರ ಕಲ್ಕುಡ ತಂದೆಯನ್ನು ಹುಡುಕಿಕೊಂಡು ಹೋಗಿ, ತಂದೆಯ ಕೆಲಸದಲ್ಲಿ ದೋಷ ತೋರಿಸುತ್ತಾನೆ. ಅವಮಾನ ತಾಳದೆ ತಂದೆ ಪ್ರಾಣ ಕಳೆದುಕೊಳ್ಳುತ್ತಾನೆ. ಜಕಣಾಚಾರಿ-ಡಂಕಣರ ಕತೆ ಬಲ್ಲವರಿಗೆ ಇದು ಪರಿಚಿತವೆನಿಸೀತು. ಆದರೆ ಪಾಡ್ದನ ಅಲ್ಲಿಗೆ ನಿಲ್ಲುವುದಿಲ್ಲ. ಬೀರ ಕಲ್ಕುಡ ಕಾರ್ಕಳಕ್ಕೆ ಬಂದು ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಸಾವಿರಾರು ಜನ ಸೇರಿದರೂ ಏಳದ ಗೊಮ್ಮಟನನ್ನು ಅವನೇ ಎತ್ತಿ ನಿಲ್ಲಿಸಿದ ಎಂದೂ ಹಾಡುತ್ತಾರೆ. ಕೆಲಸ ಮುಗಿದ ಮೇಲೆ ಅರಸನಿಗೆ ಒಂದು ಯೋಚನೆ ಬರುತ್ತದೆ: ಇವನು ಇನ್ನೊಬ್ಬ ಅರಸನಿಗೂ ಇಂಥದ್ದೇ ಮಾಡಿಕೊಟ್ಟರೆ? ಕೂಲಿಯ ಬದಲು ಕಲ್ಕುಡನ ಎಡಗೈ, ಬಲಗಾಲು ಕಡಿಸುತ್ತಾನೆ.

ಕಲ್ಕುಡ ವೇಣೂರಿಗೆ ಹೋಗುತ್ತಾನೆ. ಒಂದೇ ಕೈ, ಒಂದೇ ಕಾಲಿನಲ್ಲಿ ಅಜಿಲ ಅರಸನಿಗೆ ಇನ್ನೊಂದು ಗೊಮ್ಮಟನನ್ನು ಕಡೆದುಕೊಡುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಕೆರಳುತ್ತಾಳೆ. ಅಣ್ಣ-ತಂಗಿ ಇಬ್ಬರೂ ಮಾಯಕವಾಗಿ, ದೈವಗಳಾಗಿ ಕಾರ್ಕಳದ ಅರಸನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ.

ಇತಿಹಾಸದ ಕಣ್ಣಿನಿಂದ ನೋಡಿದರೆ ಇದು ಹೊಂದುವುದಿಲ್ಲ. ಬೆಳಗೊಳಕ್ಕೂ ಕಾರ್ಕಳಕ್ಕೂ ನಡುವೆ ನಾಲ್ಕೂವರೆ ಶತಮಾನ, ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷ. ಅಪ್ಪ-ಮಗ ಎರಡೇ ತಲೆಮಾರಿನಲ್ಲಿ ಮೂರೂ ಮೂರ್ತಿಗಳನ್ನು ಕಡೆದಿರಲಾರರು. ಆದರೆ ಪಾಡ್ದನ ಹೇಳಹೊರಟದ್ದು ಇಸವಿಯನ್ನಲ್ಲ. ಶಾಸನ ಅರಸನನ್ನು ನೆನೆಯಿತು, ಕಾವ್ಯ ಉತ್ಸವವನ್ನು ನೆನೆಯಿತು. ಪಾಡ್ದನ ನೆನೆದದ್ದು ಉಳಿ ಹಿಡಿದ ಕೈಯನ್ನು, ಅದಕ್ಕೆ ಸಂದ ಕೂಲಿಯನ್ನು. ಅರಸರ ಅರಮನೆಗಳು ಹೋದವು. ಕಲ್ಕುಡ-ಕಲ್ಲುರ್ಟಿಯರಿಗೆ ತುಳುನಾಡಿನ ಉದ್ದಗಲಕ್ಕೂ ಇಂದಿಗೂ ಕೋಲ ನಡೆಯುತ್ತದೆ.

ಫಲ್ಗುಣಿಯ ಮರಳು

ವೇಣೂರಿನ 35 ಅಡಿಯ ಮೂರ್ತಿಯ ಸಾಗಾಟಕ್ಕೂ ಒಂದು ಜಗಳದ ಕತೆ ಅಂಟಿಕೊಂಡಿದೆ. ಅದನ್ನು ಮಾಡಿಸಿದವನು ತಿಮ್ಮಣ್ಣ ಅಜಿಲ. ತಾನು ಚಾವುಂಡರಾಯನ ವಂಶದವನೆಂದು ಶಾಸನದಲ್ಲಿ ಹೇಳಿಕೊಂಡವನು. ಮೂರ್ತಿಯನ್ನು ಕಡೆದದ್ದು ವೇಣೂರಿಗೆ ಕೆಲವು ಕಿಲೋಮೀಟರ್ ದೂರದ ಕಲ್ಯಾಣಿ ಎಂಬಲ್ಲಿ. ತನ್ನ ಊರಿನ ಕೀರ್ತಿಗೆ ಕುಂದು ಬಂದೀತೆಂದು ಕಾರ್ಕಳದ ಭೈರರಸ ಇದಕ್ಕೆ ಅಡ್ಡಿ ಮಾಡಿದ. ಮೂರ್ತಿಯನ್ನು ತನಗೆ ಒಪ್ಪಿಸಬೇಕೆಂದ. ಅಜಿಲ ಒಪ್ಪಲಿಲ್ಲ. ಯುದ್ಧದ ಭಯ ಬಂದಾಗ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟ ಎಂಬುದು ಜನಶ್ರುತಿ.

ನಿಜವೋ ಸುಳ್ಳೋ, ಹೂಳಲು ಮರಳನ್ನೇ ಆರಿಸಿದ್ದರಲ್ಲಿ ಜಾಣತನವಿದೆ. ಕಲ್ಲಿಗೆ ಮರಳಿನಷ್ಟು ಒಳ್ಳೆಯ ಹಾಸಿಗೆ ಇನ್ನೊಂದಿಲ್ಲ. ಅದು ಉಬ್ಬುತಗ್ಗುಗಳಿಗೆಲ್ಲ ಹೊಂದಿಕೊಂಡು ಭಾರವನ್ನು ಸಮನಾಗಿ ಹೊರುತ್ತದೆ. ಒಂದೇ ಜಾಗದಲ್ಲಿ ಬಗ್ಗಿಸುವುದಿಲ್ಲ.

ಟ್ರಾಲಿಯ ಮೇಲೆ ಬಾಹುಬಲಿ

ವೇಣೂರಿನ ನಂತರ ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಕರಾವಳಿ ಇಂಥ ಸಾಹಸಕ್ಕೆ ಕೈಹಾಕಲಿಲ್ಲ. ಧರ್ಮಸ್ಥಳದಲ್ಲಿ ಬಾಹುಬಲಿಯನ್ನು ನಿಲ್ಲಿಸುವ ಸಂಕಲ್ಪ ಮಾಡಿದವರು ಧರ್ಮಾಧಿಕಾರಿಯಾಗಿದ್ದ ರತ್ನವರ್ಮ ಹೆಗ್ಗಡೆಯವರು. ಕೆಲಸ ವಹಿಸಿಕೊಂಡವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ವೀರಪಾಂಡ್ಯನ ಗೊಮ್ಮಟ ನಿಂತ ಊರಿನಲ್ಲೇ, ಮಂಗಲಪಾದೆಯ ಬಂಡೆಯಲ್ಲಿ 1967ರಲ್ಲಿ ಕೆತ್ತನೆ ಆರಂಭವಾಯಿತು. ಮರುವರ್ಷ ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. ಇಪ್ಪತ್ತರ ಹರೆಯದಲ್ಲಿ ಪಟ್ಟಕ್ಕೆ ಬಂದ ವೀರೇಂದ್ರ ಹೆಗ್ಗಡೆಯವರು ಕೆಲಸ ಮುಂದುವರಿಸಿದರು.

39 ಅಡಿಯ ಆ ಮೂರ್ತಿ 170 ಟನ್‌ಗಳಷ್ಟು ತೂಕದ್ದೆಂದು ಹೇಳುತ್ತಾರೆ. 1973ರಲ್ಲಿ ಅದನ್ನು ಹತ್ತಾರು ಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ ಟ್ರ್ಯಾಕ್ಟರುಗಳಿಂದ ಎಳೆಸಲಾಯಿತು. ತತ್ವ ಮಾತ್ರ ಚಂದ್ರಮ ಕವಿಯ ಬಂಡಿಯದ್ದೇ. ಗಾಲಿ ಹೆಚ್ಚಿದಷ್ಟೂ ಪ್ರತಿ ಗಾಲಿಯ ಕೆಳಗಿನ ನೆಲಕ್ಕೆ ಬೀಳುವ ಭಾರ ಕಡಿಮೆ. ಆದರೆ ಹೊಸ ಕಾಲಕ್ಕೆ ಹೊಸ ತೊಡಕುಗಳು. ಅರಸರ ಕಾಲದ ಬಂಡಿಗೆ ಬೇಕಾದಲ್ಲಿ ದಾರಿ ಕಡಿದುಕೊಳ್ಳುವ ಸ್ವಾತಂತ್ರ್ಯವಿತ್ತು. ಟ್ರಾಲಿಯಾದರೋ ಇದ್ದ ರಸ್ತೆಯಲ್ಲೇ ಹೋಗಬೇಕು. ಕಾರ್ಕಳದಿಂದ ಧರ್ಮಸ್ಥಳಕ್ಕೆ ಸುಮಾರು 60 ಕಿಲೋಮೀಟರ್. ಕರಾವಳಿಯ ಒಳನಾಡಿನ ರಸ್ತೆ ಎಂದರೆ ತಿರುವು, ಏರು, ಇಳಿತ, ಮೋರಿ, ಸಣ್ಣ ಸೇತುವೆ. ಎತ್ತಿನ ಗಾಡಿಗೂ ಬಸ್ಸಿಗೂ ಕಟ್ಟಿದ ಸೇತುವೆಗಳು ಇಂಥ ಭಾರವನ್ನು ಕಂಡವಲ್ಲ.

ಮೂರ್ತಿ ರತ್ನಗಿರಿಯ ಮೇಲೆ ಎದ್ದು ನಿಂತದ್ದು 1975ರಲ್ಲಿ. ಪ್ರತಿಷ್ಠೆ, ಮಹಾಮಸ್ತಕಾಭಿಷೇಕ ನಡೆದದ್ದು 1982ರ ಫೆಬ್ರುವರಿಯಲ್ಲಿ. ಉಳಿಯ ಮೊದಲ ಪೆಟ್ಟಿನಿಂದ ಮೊದಲ ಅಭಿಷೇಕಕ್ಕೆ ಹದಿನೈದು ವರ್ಷ. ಶೆಣೈಯವರು ಅದನ್ನು ಕಾಣುವಷ್ಟು ಕಾಲ ಬದುಕಿದ್ದರು. ಪಾಡ್ದನದ ಕಲ್ಕುಡನಿಗೆ ದಕ್ಕದ ಗೌರವ ಈ ಶಿಲ್ಪಿಗೆ ದಕ್ಕಿತು. ಅವರ ಹೆಸರು ಇಂದಿಗೂ ಮೂರ್ತಿಯ ಜತೆಗೇ ಹೇಳಲ್ಪಡುತ್ತದೆ.

ಬಿಡಿಸಿ ಜೋಡಿಸುವ ದಾರಿ

ಏಕಶಿಲೆಯ ಹಟವಿಲ್ಲದವರಿಗೆ ಇನ್ನೊಂದು ದಾರಿ ಇದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ ತಯಾರಾದದ್ದು ಪ್ಯಾರಿಸ್ಸಿನಲ್ಲಿ. ಶಿಲ್ಪಿ ಬಾರ್ತೋಲ್ಡಿ ಅದನ್ನು ಕಲ್ಲಿನಲ್ಲಿ ಮಾಡಹೊರಡಲಿಲ್ಲ. ಎರಡೂವರೆ ಮಿಲಿಮೀಟರಿಗಿಂತ ತೆಳುವಾದ ತಾಮ್ರದ ಹಾಳೆಗಳನ್ನು ಮರದ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ರೂಪ ಕೊಡಲಾಯಿತು. ಒಳಗಿನ ಕಬ್ಬಿಣದ ಅಸ್ಥಿಪಂಜರ ಎಂಜಿನಿಯರ್ ಐಫೆಲರದ್ದು. ಪ್ಯಾರಿಸ್ಸಿನಲ್ಲಿ ಒಮ್ಮೆ ಪೂರ್ತಿ ನಿಲ್ಲಿಸಿ ನೋಡಿ, ಮತ್ತೆ ಬಿಚ್ಚಿ, ಸುಮಾರು 350 ತುಂಡುಗಳನ್ನು 214 ಪೆಟ್ಟಿಗೆಗಳಿಗೆ ತುಂಬಿದರು. 'ಇಸೇರ್' ಎಂಬ ಹಡಗು ಅವನ್ನು ಹೊತ್ತು 1885ರ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿತು.

ಪ್ರತಿಮೆ ಬಂತು, ಅದು ನಿಲ್ಲಬೇಕಾದ ಪೀಠವೇ ಮುಗಿದಿರಲಿಲ್ಲ. ಹಣ ಸಾಲದೆ ಕೆಲಸ ನಿಂತಿತ್ತು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ಜನರ ಮುಂದೆ ಕೈಯೊಡ್ಡಿದರು. ಕೊಟ್ಟವರೆಲ್ಲರ ಹೆಸರು ಅಚ್ಚು ಹಾಕುವುದಾಗಿ ಹೇಳಿದರು. 1,20,000ಕ್ಕೂ ಹೆಚ್ಚು ಮಂದಿ, ಬಹುಪಾಲು ಒಂದು ಡಾಲರಿಗೂ ಕಡಿಮೆ ಕೊಟ್ಟವರು, ಒಂದು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಪೀಠ ಮುಗಿದ ಮೇಲೆ ಹೊರಗೆ ಸಾರುವೆ ಕಟ್ಟಲು ಜಾಗವಿಲ್ಲದೆ ಕೆಲಸಗಾರರು ಹಗ್ಗಕ್ಕೆ ಜೋತುಬಿದ್ದು ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿದರು. 1886ರ ಅಕ್ಟೋಬರ್ 28ರಂದು ಅನಾವರಣವಾಯಿತು.

ಬಿಡಿಸಿ ಜೋಡಿಸುವುದಕ್ಕೂ ಅದರದೇ ಬೆಲೆ ಇದೆ. ನೂರು ವರ್ಷದ ಬಳಿಕ ದುರಸ್ತಿಗೆ ಕೈಹಾಕಿದಾಗ ತಲೆ ಮತ್ತು ಬಲಭುಜ ಇರಬೇಕಾದ ಜಾಗದಿಂದ ಸರಿದು ಕೂತದ್ದು ಕಂಡಿತು. ಕಬ್ಬಿಣ ತಾಮ್ರಕ್ಕೆ ತಾಗದಂತೆ ನಡುವೆ ಹಾಕಿದ್ದ ಪದರ ಹಾಳಾಗಿ, ಉಪ್ಪುಗಾಳಿಗೆ ಒಳಗಿನ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದಿದ್ದವು. ಅವನ್ನೆಲ್ಲ ತೆಗೆದು ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಹಾಕಬೇಕಾಯಿತು. ಏಕಶಿಲೆ ಒಂದೇ ದಿನದಲ್ಲಿ ಮುರಿದೀತು. ಜೋಡಿಸಿದ್ದು ಕೂಡಿದ ಜಾಗದಲ್ಲೇ ಮೆಲ್ಲಗೆ ಸವೆಯುತ್ತದೆ.

ಹುಸೇನ್ ಸಾಗರದ ತಳದಲ್ಲಿ

ಈ ಅಮೆರಿಕದ ಪ್ರತಿಮೆಯಿಂದಲೇ ಸ್ಫೂರ್ತಿ ಪಡೆದು ಆಂಧ್ರದ ಮುಖ್ಯಮಂತ್ರಿಯಾಗಿದ್ದ ಎನ್.ಟಿ. ರಾಮರಾವ್ ಹೈದರಾಬಾದಿನ ಹುಸೇನ್ ಸಾಗರದ ನಡುವೆ ಬುದ್ಧನನ್ನು ನಿಲ್ಲಿಸುವ ಯೋಜನೆ ಹಾಕಿದರು. ಆದರೆ ಆರಿಸಿಕೊಂಡದ್ದು ತಾಮ್ರವನ್ನಲ್ಲ, ನಮ್ಮ ಹಳೆಯ ಏಕಶಿಲೆಯನ್ನೇ. ಭುವನಗಿರಿಯ ಬಳಿಯ ರಾಯಗಿರಿಯಲ್ಲಿ ಗಣಪತಿ ಸ್ಥಪತಿಯವರ ನೇತೃತ್ವದಲ್ಲಿ ನೂರಾರು ಶಿಲ್ಪಿಗಳು ಕೆಲಸ ಮಾಡಿದರು. ಎತ್ತರ ಸುಮಾರು 58 ಅಡಿ, ಬೆಳಗೊಳದ ಗೊಮ್ಮಟನಷ್ಟೇ. ತೂಕ 300 ಟನ್ನಿಗೂ ಹೆಚ್ಚು. ಬೆಳಗೊಳದಲ್ಲಿ ಅಲ್ಲಾಡಿಸದೆ ಬಿಟ್ಟ ಗಾತ್ರವನ್ನು ಇಲ್ಲಿ ರಸ್ತೆಯ ಮೇಲೂ ನೀರಿನ ಮೇಲೂ ಸಾಗಿಸಬೇಕಿತ್ತು.

ರಸ್ತೆಯ ಪಯಣ 1988ರಲ್ಲಿ ಕ್ಷೇಮವಾಗಿ ಮುಗಿಯಿತು. 1990ರ ಮಾರ್ಚ್ 10ರಂದು ಮೂರ್ತಿಯನ್ನು ತೆಪ್ಪಕ್ಕೇರಿಸಿ ಕೆರೆಯ ನಡುವಿನ ಪೀಠದತ್ತ ಒಯ್ಯತೊಡಗಿದರು. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ತೆಪ್ಪ ವಾಲಿತು. ಬುದ್ಧ ನೀರಿಗೆ ಜಾರಿದ. ಕೆಲಸದಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ನೆಲದ ಮೇಲೆ ಭಾರ ಒಂದು ಬದಿಗೆ ಸರಿದರೆ ಗಾಲಿ ಹೂಳುತ್ತದೆ, ಸರಿಪಡಿಸಲು ಹೊತ್ತಿರುತ್ತದೆ. ನೀರಿನ ಮೇಲೆ ಸ್ವಲ್ಪ ವಾಲಿದ ತೆಪ್ಪ ಭಾರವನ್ನು ಇನ್ನಷ್ಟು ಅದೇ ಬದಿಗೆ ತಳ್ಳುತ್ತದೆ. ಮತ್ತೆ ತಿದ್ದಲು ಸಮಯ ಕೊಡುವುದಿಲ್ಲ.

ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬುದ್ಧ ಕೆರೆಯ ತಳದಲ್ಲಿ ಮಲಗಿದ್ದ. 1992ರ ಡಿಸೆಂಬರ್ 1ರಂದು ಅವನನ್ನು ಮೇಲೆತ್ತಿ ಪೀಠದ ಮೇಲೆ ನಿಲ್ಲಿಸಲಾಯಿತು. ತಳದ ಕೆಸರು ಕಲ್ಲನ್ನು ಕಾಪಾಡಿತ್ತು. ಫಲ್ಗುಣಿಯ ಮರಳಿನ ಕತೆಯನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಆದರೆ ಜೀವ ತೆತ್ತವರು ಮರಳಲಿಲ್ಲ.

ಹಗ್ಗ ಹಿಡಿದವರು

ಈ ಎರಡೂ ದಾರಿಗಳು ಈಗಲೂ ಬಳಕೆಯಲ್ಲಿವೆ. ತಮಿಳುನಾಡಿನ ವಂದವಾಸಿ ಬಳಿಯ ಕೊರಕೋಟ್ಟೈನಿಂದ ಬೆಂಗಳೂರಿನ ಈಜಿಪುರದ ದೇವಾಲಯಕ್ಕೆಂದು 2018ರ ಕೊನೆಯಲ್ಲಿ ಹೊರಟ ಬೃಹತ್ ಏಕಶಿಲೆ 240 ಚಕ್ರಗಳ ವಾಹನದಲ್ಲೂ ನಗರ ಸೇರಲು ತಿಂಗಳುಗಟ್ಟಲೆ ತೆಗೆದುಕೊಂಡಿತು. ದಾರಿಯಲ್ಲಿ ಟೈರುಗಳು ಒಡೆದವು, ರಸ್ತೆ ಬದಿಯ ಕಟ್ಟಡಗಳು ಜಾಗ ಬಿಡಬೇಕಾಯಿತು, ಹೊಳೆಗೆ ತಾತ್ಕಾಲಿಕ ದಾರಿ ಹಾಕಬೇಕಾಯಿತು. ಇತ್ತ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆ ಕಂಚಿನ ತುಂಡುಗಳ ಜೋಡಣೆ. ಅದರ ಖಡ್ಗವೊಂದೇ 4 ಟನ್. ಅದು ದೆಹಲಿಯಿಂದ ಲಾರಿಯಲ್ಲಿ ಪ್ರತ್ಯೇಕವಾಗಿ ಬಂತು.

ಇವತ್ತಿನ ಸಾಗಾಟದಲ್ಲಿ ಗುತ್ತಿಗೆದಾರರ ಹೆಸರು, ಚಕ್ರಗಳ ಲೆಕ್ಕ, ಟನ್ನುಗಳ ಲೆಕ್ಕ ಎಲ್ಲವೂ ದಾಖಲಾಗುತ್ತದೆ. ಹಗ್ಗ ಬಿಗಿದವರ, ಗಾಲಿಗೆ ಮರ ಒಡ್ಡಿದವರ ಹೆಸರು ಅಂದಿನಂತೆ ಇಂದೂ ಬಿಟ್ಟುಹೋಗುತ್ತದೆ. ಕಾರ್ಕಳದ ಶಾಸನಕ್ಕೂ ಹೈದರಾಬಾದಿನ ಕೆರೆಯ ದಡಕ್ಕೂ ಈ ವಿಷಯದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ.

ಕಾರ್ಕಳ, ವೇಣೂರುಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವುದು ವಾಡಿಕೆ. ವೇಣೂರಿನಲ್ಲಿ 2024ರಲ್ಲಿ ನಡೆಯಿತು. ಗೊಮ್ಮಟನ ಹಿಂದೆ ಅಟ್ಟಣಿಗೆ ಕಟ್ಟಿ, ಕಲಶ ಹೊತ್ತು, ಜನ ಅವನ ತಲೆಯ ಎತ್ತರಕ್ಕೆ ಹತ್ತುತ್ತಾರೆ. ಹಾಲು, ಅರಿಸಿನ, ಚಂದನ ನೆತ್ತಿಯಿಂದ ಇಳಿದು ಭುಜ, ತೊಡೆ ದಾಟಿ ಕಾಲ ಬಳಿಯ ಹುತ್ತದ ಮೇಲೆ ಹರಿಯುತ್ತದೆ. ಅದೇ ಸೀಮೆಯ ಮನೆಗಳಲ್ಲಿ, ಬೇರೊಂದು ರಾತ್ರಿ, ದೀವಟಿಗೆಯ ಬೆಳಕಿನಲ್ಲಿ ಕಲ್ಕುಡನ ಪಾಡ್ದನ ಕೇಳಿಬರುತ್ತದೆ. ಒಂದು ಕೈ, ಒಂದು ಕಾಲು ಕಳೆದುಕೊಂಡವನು ಇನ್ನೊಮ್ಮೆ ಉಳಿ ಎತ್ತಿಕೊಂಡು ವೇಣೂರಿನ ದಾರಿ ಹಿಡಿಯುತ್ತಾನೆ.